ಗಿಳಿಹಸಿರು ಸೀರೆಯ ಸಿನಿಮಾ

ನಲವತ್ತು ವರ್ಷಗಳಿಂದ ವೀರೇಶನ ತಲೆಯೊಳಗೆ ಒಬ್ಬ ಹೆಂಗಸು ಕಸಬರಿಗೆ ಎತ್ತಿಕೊಂಡು ನಿಂತಿದ್ದಳು. ಗಿಳಿಹಸಿರು ಇಳಕಲ್ ಸೀರೆ, ಕಚ್ಚೆ, ಸೊಂಟಕ್ಕೆ ಬಿಗಿದ ಕೆಂಪು ಸೆರಗು. ಎದುರಿಗೆ ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬ ಗಂಡಸು. ಕಸಬರಿಗೆ ಇಳಿಯಿತು, ಏರಿತು, ಮತ್ತೆ ಇಳಿಯಿತು. ಗಂಡಸು ಓಡಿದ, ಜನ ಸೀಟಿ ಹೊಡೆದರು. ಅಷ್ಟೇ. ಹಿಂದಿನದು ನೆನಪಿಲ್ಲ, ಮುಂದಿನದೂ ನೆನಪಿಲ್ಲ. ಆರು ವರ್ಷದ ವೀರೇಶ ಶಿರೂರಿನ ಟೆಂಟ್ ಸಿನಿಮಾದಲ್ಲಿ ಸೋದರಮಾವನ ತೊಡೆಯ ಮೇಲೆ ಮಲಗಿದ್ದವನು ಗದ್ದಲಕ್ಕೆ ಎದ್ದು, ಅಷ್ಟು ನೋಡಿ, ಮತ್ತೆ ನಿದ್ದೆ ಹೋಗಿದ್ದ. ಆ ಮಾವನೂ ಈಗಿಲ್ಲ.

ಇಂಥ ನೆನಪು ಎಲ್ಲರ ತಲೆಯಲ್ಲೂ ಒಂದೆರಡು ಬಿದ್ದಿರುತ್ತವೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ವೀರೇಶನಿಗೆ ಅಪ್ಪನ ಸನ್ಮಾನದ ದಿನವೇ ಅದನ್ನು ಕೆದಕಬೇಕೆನ್ನಿಸಿತು. ಮೈಮೇಲೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ.

ಅಪ್ಪ ಅಮೀನಪ್ಪನಿಗೆ ಎಪ್ಪತ್ತೈದು. ಇಳಕಲ್ಲಿನಲ್ಲಿ ಅವನಿಗೆ 'ಮೌನದ ಅಮೀನಪ್ಪ' ಎಂದೇ ಹೆಸರು. ವಯಸ್ಸಿನಲ್ಲಿದ್ದಾಗ ಒಮ್ಮೆ ಶಿವಯೋಗ ಮಂದಿರಕ್ಕೆ ಹೋಗಿ ಇಪ್ಪತ್ತೊಂದು ದಿನ ಮೌನ ಹಿಡಿದು ಬಂದವನು. ಅಂದಿನಿಂದ ಓಣಿಯ ಅಣ್ಣತಮ್ಮಂದಿರ ಜಗಳ, ಗಂಡಹೆಂಡಿರ ಮುನಿಸು ಎಲ್ಲ ಅವನ ಪಡಸಾಲೆಗೇ ಬರುತ್ತಿದ್ದವು. ಅವನು ಕಣ್ಣು ಮುಚ್ಚಿ ಕೇಳಿ, ಒಂದು ಮಾತು ಹೇಳಿದರೆ ಮುಗಿಯಿತು. ಈಗ ನೇಕಾರ ಸಮಾಜದವರು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು.

ವೀರೇಶನ ಕಣ್ಣು ಇದ್ದದ್ದು ಆ ಪಡಸಾಲೆಯ ಮೇಲೆ. ರಸ್ತೆಗೆ ಮುಖ ಮಾಡಿದ ಜಾಗ. ಅಲ್ಲೊಂದು ಸೀರೆ ಅಂಗಡಿ ಇಟ್ಟರೆ ಬೈಕಿಗೆ ಗಂಟು ಕಟ್ಟಿಕೊಂಡು ಬಾಗಲಕೋಟೆ, ಬಾದಾಮಿ ಅಲೆಯುವುದು ತಪ್ಪುತ್ತದೆ. ಮೂರು ವರ್ಷದಿಂದ ಕೇಳುತ್ತಿದ್ದ. "ನಾ ಇರೂತನಾ ಪಡಸಾಲಿ ನನಗಿರ್ಲಿ" ಎಂದು ಅಮೀನಪ್ಪ ಕಣ್ಣು ಮುಚ್ಚಿಬಿಡುತ್ತಿದ್ದ. ಸನ್ಮಾನದಲ್ಲಿ ಮಗ ಎರಡು ಮಾತಾಡಬೇಕೆಂದು ಸಮಾಜದವರು ಹೇಳಿದಾಗ ವೀರೇಶನಿಗೆ ಮಿಂಚು ಹೊಡೆದಂತಾಯಿತು. ಆ ಗಿಳಿಹಸಿರು ಬಣ್ಣ, ಅಂಚಿನ ಆ ಗೋಮಿ ದಡಿ ಆಗ ಅಪ್ಪನ ಮಗ್ಗದಲ್ಲಿ ಬಿಟ್ಟರೆ ಬೇರೆಲ್ಲೂ ಬರುತ್ತಿರಲಿಲ್ಲ. ಅಂದರೆ ಆ ಸಿನಿಮಾದ ನಾಯಕಿ ಉಟ್ಟದ್ದು ಅಪ್ಪ ನೇಯ್ದ ಸೀರೆ. ಆ ದೃಶ್ಯ ಹುಡುಕಿ ತಂದು, ಸಭೆಯಲ್ಲಿ ಪರದೆಯ ಮೇಲೆ ತೋರಿಸಿದರೆ ಅಪ್ಪನ ಕಣ್ಣು ತುಂಬಿ ಬರುತ್ತದೆ. ಆ ತೇವ ಆರುವ ಮೊದಲು ಪಡಸಾಲೆ ಕೇಳಬೇಕು. ಇದರಲ್ಲಿ ಎಲ್ಲೂ ತೂತಿಲ್ಲವೆಂದು ಅವನಿಗೆ ಖಾತ್ರಿಯಿತ್ತು.

ಮೊದಲು ಅವ್ವನನ್ನು ಕೇಳಿದ. ಚಂದ್ರವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು.

"ಯವ್ವಾ, ಸಣ್ಣಾವಿದ್ದಾಗ ಶಿರೂರಾಗ ಮಾವ ನನ್ನ ಸಿನಿಮಾಕ್ಕ ಕರ್ಕೊಂಡು ಹೋಗಿದ್ದ. ಒಬ್ಬಾಕಿ ಗಂಡನ್ನ ಕಸಬರಿಗೀಲೆ ಹೊಡೀತಾಳ. ಆ ಸಿನಿಮಾದ ಹೆಸರೇನು?"

ಮೊರ ನಿಂತಿತು. ಚಂದ್ರವ್ವ ಮಗನ ಮುಖ ನೋಡಿದಳು. "ನಿನಗ ಆಗ ಭಾಳ ಜ್ವರ ಬರ್ತಿದ್ವು. ಕನಸು ಬಿದ್ದಿರಬೇಕು."

"ಕನಸಿನ್ಯಾಗ ಸೀರಿ ದಡಿ ಕಾಣ್ತೈತೇನು?"

"ಎಲ್ಲಾ ಕಾಣ್ತೈತಿ. ಹೋಗು, ಹಾಲ್‌ಗೆ ಖುರ್ಚಿ ಬಂದಾವೇನು ನೋಡು."

ವಯಸ್ಸಾದವರಿಗೆ ಮರೆವು ಸಹಜವೆಂದು ವೀರೇಶ ಬೈಕ್ ಹತ್ತಿ ಬಸ್ ಸ್ಟ್ಯಾಂಡ್ ಹತ್ತಿರದ ಆಫ್ರೀನಳ ಮೊಬೈಲ್ ಅಂಗಡಿಗೆ ಹೋದ. ಸಂಜೆಯ ಸಭೆಗೆ ಪರದೆ, ಪ್ರೊಜೆಕ್ಟರ್ ತರುವವಳು ಅವಳೇ. ಅವನು ಹೇಳಿದ್ದನ್ನೆಲ್ಲ ಕೇಳಿ ಅವಳು ಹುಬ್ಬು ಗಂಟಿಕ್ಕಿದಳು.

"ಕಾಕಾ, ಸಿನಿಮಾ ಕರಿಬಿಳಿ ಅಂತೀರಿ, ಸೀರಿ ಗಿಳಿಹಸರು ಅಂತೀರಿ. ಅದ್ಹೆಂಗ?"

"ಉಳದಾವರೆಲ್ಲಾ ಕರಿಬಿಳಿನ. ಆಕಿ ಒಬ್ಬಾಕಿ ಹಸರು. ನಾ ನೇಕಾರನ ಮಗ ಅದೇನಿ ಆಫ್ರೀನ, ನಮ್ಮ ಕಣ್ಣಿಗೆ ಕರಿಬಿಳಿಯೊಳಗೂ ಬಣ್ಣ ಕಾಣ್ತೈತಿ."

ಆಫ್ರೀನ ವಾದ ಮಾಡಲಿಲ್ಲ. ಕಸಬರಿಗೆ, ಹೆಂಡತಿ, ಹೊಡೆತ, ಹಳೆಯ ಸಿನಿಮಾ ಎಂದು ಕಂಪ್ಯೂಟರಿನಲ್ಲಿ ಹುಡುಕಿದಳು. ಸಿನಿಮಾ ಬರಲಿಲ್ಲ. ಹದಿನಾಲ್ಕು ನಮೂನೆಯ ಕಸಬರಿಗೆ ಬಂದವು, ಅದರಲ್ಲಿ ಒಂದು ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳುವಂಥದು.

ಅಷ್ಟರಲ್ಲಿ ಸಮಾಜದ ಕಾರ್ಯದರ್ಶಿ ಕಾಶಪ್ಪ ಪರದೆಯ ಅಳತೆ ಕೇಳಲು ಬಂದ. ಕಾಶಪ್ಪನಿಗೆ ಒಂದು ಸುದ್ದಿ ಸಿಕ್ಕರೆ ಅದನ್ನು ಹಂಚದೆ ಅನ್ನ ಇಳಿಯುವುದಿಲ್ಲ. "ಇಷ್ಟಕ್ಕ ಯಾಕ ಒದ್ದಾಡ್ತೀಲೇ? ಸಮಾಜದ ಗ್ರೂಪಿಗೆ ಹಾಕ್ತೇನಿ, ಆರುನೂರು ಮಂದಿ ಅದಾರ" ಎಂದು ಮೊಬೈಲಿಗೆ ಬಾಯಿ ಹಚ್ಚಿ ಹೇಳಿಯೇಬಿಟ್ಟ. "ನಮ್ಮ ವೀರೇಶಂದು ಒಂದು ಅಡಚಣಿ ಐತಿ. ಹೆಂಡ್ತಿ ಕಸಬರಿಗೀಲೆ ಹೊಡದದ್ದು ಯಾರಿಗೆ ಗೊತ್ತೈತಿ, ಅವರು ಲಗೂನ ತಿಳಸ್ರಿ."

ಸಿನಿಮಾ ಎನ್ನುವ ಮಾತನ್ನು ಕಾಶಪ್ಪ ನುಂಗಿಬಿಟ್ಟಿದ್ದ.

ಅರ್ಧ ತಾಸಿನಲ್ಲಿ ಉತ್ತರಗಳು ಸುರಿದವು. ಸಮಾಧಾನ ಹೇಳಿದವರು ಕೆಲವರು, ವಕೀಲರ ನಂಬರ್ ಕೊಟ್ಟವರು ಇಬ್ಬರು. ವೀರೇಶ ಬೆವರು ಒರೆಸಿಕೊಂಡು, ಇದು ಶಿರೂರಿನ ಟೆಂಟಿನಲ್ಲಿ ನೋಡಿದ ಸಿನಿಮಾದ ವಿಷಯ ಎಂದು ಬರೆದು ಹಾಕಿದ. ಅದನ್ನು ಓದಿದವನು ಒಬ್ಬನೇ. ಅವನು ಮಾತ್ರ ಕೆಲಸಕ್ಕೆ ಬರುವ ಮಾತು ಬರೆದಿದ್ದ: ಶಿರೂರಿನಲ್ಲಿ ಆ ಟೆಂಟಿನ ಗೇಟ್‌ಕೀಪರ್ ಹನಮಪ್ಪ ಇನ್ನೂ ಗಟ್ಟಿಮುಟ್ಟಾಗಿದ್ದಾನೆ, ಅವನನ್ನು ಕೇಳು.

ವೀರೇಶ ಬೈಕಿಗೆ ಕಿಕ್ ಹೊಡೆಯುವಾಗ ಹೆಂಡತಿ ಸಪ್ನಾಳ ಫೋನ್ ಬಂತು.

"ಏನ್ ಹೇಳ್ಕೊಂಡು ಅಡ್ಡಾಡಕತ್ತೀರಿ ನೀವು? ಅರ್ಧ ತಾಸಿನ್ಯಾಗ ಏಳು ಮಂದಿ ಫೋನ್ ಮಾಡ್ಯಾರ. ಗುಳೇದಗುಡ್ಡದ ನಮ್ಮತ್ತಿಗಿ, ಹೊಡದದ್ದು ಹೊಡದಿ, ಬಾಗಲಾ ಹಾಕ್ಕೊಂಡು ಹೊಡೀಬೇಕಿಲ್ಲೋ ಅಂತಾಳ."

"ಅದು ಸಿನಿಮಾದ ಸುದ್ದಿ ಸಪ್ನಾ. ಸಂಜಿ ಅನ್ನೂದ್ರಾಗ ಹೆಸರು ಸಿಗತೈತಿ. ಪಡಸಾಲಿ ನಮ್ಮದಾತು ಅಂತ ತಿಳಕೋ."

"ಸಿಗಲಿಲ್ಲಂದ್ರ ಮಂದಿ ಹೇಳೂದನ್ನ ಖರೆ ಮಾಡಿ ತೋರಸ್ತೇನಿ" ಎಂದು ಅವಳು ಫೋನ್ ಇಟ್ಟಳು.

ಹುನಗುಂದದಲ್ಲಿ ಚಹಾ ಕುಡಿಯಲು ನಿಂತರೆ ಪರಿಚಯದ ಸೀರೆ ವ್ಯಾಪಾರಿಯೊಬ್ಬ ಬಂದು ಬೆನ್ನು ಸವರಿದ. "ಇರ್ಲಿ ಬಿಡಪ. ಎಲ್ಲಾರ ಮನಿ ದ್ವಾಸಿನೂ ತೂತ" ಎಂದು ಚಹಾದ ದುಡ್ಡನ್ನೂ ತಾನೇ ಕೊಟ್ಟ. ವೀರೇಶ ಬಿಡಿಸಿ ಹೇಳಲು ಹೋದಷ್ಟೂ ಅವನ ಮುಖದಲ್ಲಿ ಕನಿಕರ ಹೆಚ್ಚಾಯಿತು. ಅಮೀನಗಡದಲ್ಲಿ ವೀರೇಶ ಹನಮಪ್ಪನಿಗೆಂದು ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡ. ಮುದುಕರನ್ನು ಮಾತಾಡಿಸಬೇಕಾದರೆ ಬರಿಗೈಯಲ್ಲಿ ಹೋಗಬಾರದು ಎನ್ನುವಷ್ಟು ಬುದ್ಧಿ ಅವನಿಗಿತ್ತು. ಶಿರೂರು ಮುಟ್ಟಿದ ಮೇಲೆ ನೋಡಿದರೆ ಹನಮಪ್ಪನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

"ಕರದಂಟು ತಂದಿ," ಎಂದು ಹನಮಪ್ಪ ಪೊಟ್ಟಣವನ್ನು ಬೇಸರದಿಂದ ನೋಡಿದ. "ಛಲೋ ಆತು. ನೆಕ್ಕತೇನಿ. ಏನ್ ಕೆಲಸ ಹೇಳು."

ವೀರೇಶ ಹೇಳಿದ. ಗಿಳಿಹಸಿರು ಸೀರೆ ಎನ್ನುತ್ತಲೇ ಹನಮಪ್ಪ ಕಣ್ಣು ಮುಚ್ಚಿದ, ಕಸಬರಿಗೆ ಎನ್ನುವಷ್ಟರಲ್ಲಿ ಅವನ ಮುಖವೆಲ್ಲ ನಗೆಯಾಯಿತು.

"ಅದನ್ನ ಮರೀತೇನೇನು? ಇಪ್ಪತ್ತು ವರ್ಷದಾಗ ನಮ್ಮ ಟೆಂಟಿನ್ಯಾಗ ಅಂಥಾ ಸೀನು ಇನ್ನೊಂದು ಆಗಲಿಲ್ಲ. ಮಂದಿ ಒನ್ಸ್ ಮೋರ್ ಅಂತ ಕುಣದಾಡಿದ್ರು."

ವೀರೇಶನ ಎದೆ ಉಬ್ಬಿತು. "ಹೊಡಸ್ಕೊಂಡಾವ ಯಾರು ಅಂತ ಗೊತ್ತೈತೇನು?"

"ಹೆಸರು ಅಂವಾ ಹೇಳಲಿಲ್ಲ. ಆದ್ರ ದಿನಾ ಭೆಟ್ಟಿ. ಬಂದಾಗೊಮ್ಮೆ ನನಗ ಒಂದು ಬೀಡಿ ಕೊಡಾಂವ."

ಅಷ್ಟು ದೊಡ್ಡ ನಟ ಶಿರೂರಿಗೆ ಬಂದು ಗೇಟ್‌ಕೀಪರನಿಗೆ ಬೀಡಿ ಕೊಟ್ಟಿದ್ದನೆಂದು ತಿಳಿದು ವೀರೇಶನ ಮೈ ಜುಮ್ಮೆಂದಿತು. "ಸಿನಿಮಾ ಯಾವುದು, ಕತಿ ಏನು, ಹೇಳ್ರಿ ಕಾಕಾ" ಎಂದು ಕೈ ಹಿಡಿದುಕೊಂಡ.

"ಹಿಂಗ ಹಾದ್ಯಾಗ ನಿಂತು ಹೇಳೂ ಕತಿ ಅಲ್ಲಪ ಅದು. ಜೀವನದಾಗ ತಿಕೀಟ ಹರದದ್ದ ಆತು, ಒಂದು ದಿನ ಯಾರೂ ನನ್ನ ಕೈಯಾಗ ಮೈಕ್ ಕೊಡಲಿಲ್ಲ. ಸಭಾ ಅಂತಿ, ಮೈಕ್ ಕೊಡ್ತಿ? ಊಟಕ್ಕ ಗೋದಿ ಹುಗ್ಗಿ ಐತೇನು?"

ಎರಡೂ ಇವೆ ಎಂದು ವೀರೇಶ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಇಳಕಲ್ಲಿಗೆ ಹೊರಟ. ದಾರಿಯುದ್ದಕ್ಕೂ ಪಡಸಾಲೆಯಲ್ಲಿ ಕಪಾಟು ಎಲ್ಲಿಡಬೇಕು, ಗಾದಿ ಎಲ್ಲಿ ಹಾಕಬೇಕು ಎಂದು ಲೆಕ್ಕ ಹಾಕುತ್ತಲೇ ಬಂದ.

ಸಂಜೆ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಅಮೀನಪ್ಪ ತಲೆಗೆ ಪಟಗ ಸುತ್ತಿ, ಶಾಲು ಹೊದ್ದು, ಕಣ್ಣು ಅರೆಮುಚ್ಚಿ ಕೂತಿದ್ದ. ಮುಂದಿನ ಸಾಲಿನಲ್ಲಿ ಚಂದ್ರವ್ವ, ಪಕ್ಕದಲ್ಲಿ ಸಪ್ನಾ. ಕಾಶಪ್ಪ ಇಪ್ಪತ್ತೊಂದು ದಿನದ ಮೌನವನ್ನು ನಲವತ್ತು ನಿಮಿಷ ಹೊಗಳಿದ. ಕೊನೆಗೆ ವೀರೇಶ ಮೈಕ್ ಹಿಡಿದ. ಎಷ್ಟೋ ಮಂದಿ ಅವನ ಮೈಮೇಲೆ ಬಾಸುಂಡೆ ಹುಡುಕುತ್ತಿದ್ದುದನ್ನು ಅವನು ಗಮನಿಸಲೇ ಇಲ್ಲ. ಗಿಳಿಹಸಿರು ಸೀರೆ, ಗೋಮಿ ದಡಿ, ಕಸಬರಿಗೆ, ಓಟ ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿ, "ನಮ್ಮಪ್ಪ ನೇಯ್ದ ಸೀರಿ ಆವತ್ತ ಬೆಳ್ಳಿ ಪರದೆ ಮ್ಯಾಲೆ ಮೆರೀತು. ಆ ಸಿನಿಮಾ ಯಾವುದು ಅಂತ ಹನಮಪ್ಪ ಕಾಕಾ ಹೇಳ್ತಾರ" ಎಂದ.

ಅಮೀನಪ್ಪನ ಅರೆಮುಚ್ಚಿದ ಕಣ್ಣು ಪೂರ್ತಿ ತೆರೆದವು.

ಹನಮಪ್ಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಹುಡುಗ ತಪ್ಪು ತಿಳಕೊಂಡಾನ್ರಿ. ಅದು ಸಿನಿಮಾದಾಗಿನ ಸೀನಲ್ಲ. ಸಿನಿಮಾ ನಡದಾಗ, ಪರದೆ ಮುಂದ, ನಮ್ಮ ಟೆಂಟಿನ್ಯಾಗ ಆದ ಸೀನು. ಒಬ್ಬಾಂವ ದಿನಾ ಸಂಜಿ ಮುಖಕ್ಕ ಟವೆಲ್ ಸುತ್ತಿಕೊಂಡು ಬರ್ತಿದ್ದ. ಹನಮಪ್ಪ, ಮಂದಿರದಾಗ ಮೌನ ಹಿಡೀತೇನಂತ ಮನ್ಯಾಗ ಹೇಳಿ ಬಂದೇನಿ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತಿದ್ದ. ಹೆಂಡ್ತಿ ತವರಮನಿ ಶಿರೂರಂತ, ಆದ್ರ ಆಕಿ ಗಂಡನ ಮನ್ಯಾಗ ಅದಾಳಂತ ತಿಳಕೊಂಡಿದ್ದ. ಹಿಂಗ ಹತ್ತು ದಿನ ಬಂದ. ಹತ್ತನೇ ದಿನ ಆಕಿ ತಮ್ಮನ ಕಣ್ಣಿಗೆ ಬಿದ್ದ. ತವರಿಗೆ ಬಂದಿದ್ದ ಅಕ್ಕಗ ಅಂವಾ ಹೇಳಿ ಕಳಿಸಿದ. ಆಕಿ ಕಸಬರಿಗಿ ತಗೊಂಡ ಬಂದಳು."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದವರು ಮೂವರು. ಅಮೀನಪ್ಪ ಪಟಗವನ್ನು ಹಣೆಯ ಮೇಲೆ ಎಳೆದುಕೊಳ್ಳುತ್ತಿದ್ದ. ವೀರೇಶ ಬಾಯಿ ತೆರೆದು ನಿಂತಿದ್ದ. ಚಂದ್ರವ್ವ ಎದ್ದು ನಿಂತಿದ್ದಳು.

"ಹತ್ತು ದಿನಾ?" ಎಂದಳು.

ಅವಳು ದನಿ ಎತ್ತರಿಸಲಿಲ್ಲ, ಆದರೂ ನಗು ಒಂದೊಂದೇ ಸಾಲಿನಲ್ಲಿ ಆರುತ್ತ ಬಂತು. ಆಫ್ರೀನಳ ಪ್ರೊಜೆಕ್ಟರಿನ ಬೆಳಕು ಅವಳ ಮೇಲೆ ಬಿದ್ದು, ವೇದಿಕೆಯ ಹಿಂದಿನ ಪರದೆಯ ತುಂಬ ಅವಳ ನೆರಳು ನಿಂತಿತು. ಅದನ್ನು ನೋಡಿದಾಗ ವೀರೇಶನಿಗೆ ಉಳಿದದ್ದೆಲ್ಲ ತಾನಾಗಿಯೇ ತಿಳಿಯಿತು.

"ಅವತ್ತೊಂದ ದಿನ ಕಾಲು ಜಾರಿತು ಅಂತ ನನ್ನ ತಲಿ ಮುಟ್ಟಿ ಆಣಿ ಮಾಡಿದ್ರಿ," ಎಂದು ಚಂದ್ರವ್ವ ಗಂಡನನ್ನೇ ನೋಡಿ ಹೇಳಿದಳು. "ಒಂದ ದಿನದ್ದು ಅಲ್ಲೇನು, ಹೋಗ್ಲಿ ಅಂತ ನಾ ನಲವತ್ತು ವರ್ಷ ಬಾಯಿ ಮುಚ್ಚಿಕೊಂಡು ಕುಂತೇನಿ. ಊರಿಗೆಲ್ಲಾ ನೀವು ಮೌನದಾವರು. ಖರೆ ಮೌನ ಹಿಡದಾಕಿ ನಾನು."

ಕಾಶಪ್ಪ ಮೊಬೈಲ್ ತೆಗೆದು ಮೆಲ್ಲಗೆ ಬಾಯಿಗೆ ಹಚ್ಚಿಕೊಂಡ.

"ನಾಳಿ ಮುಂಜಾನಿ ಮೊದಲನೇ ಬಸ್ಸಿಗೆ ಶಿವಯೋಗ ಮಂದಿರಕ್ಕ ನಡೀರಿ," ಎಂದಳು ಚಂದ್ರವ್ವ. "ಆ ಹತ್ತು ದಿನದ ಮೌನ ಮುಗಿಸಿ ಬರ್ರಿ. ಕಾಯಾಕ ವೀರೇಶ ಬರ್ತಾನ."

"ಯವ್ವಾ, ನಾ ಎದಕ್ಕ?" ಎಂದ ವೀರೇಶ. ಹನಮಪ್ಪ ಹಿಡಿದಿದ್ದ ಮೈಕ್ ಅವನ ಬಾಯಿಯ ಹತ್ತಿರವೇ ಇತ್ತು.

"ಮನ್ಯಾಗಿನ ಮಾತು ಆರುನೂರು ಮಂದಿಗೆ ಹಂಚಿದಾಂವ ನೀನ ಅಲ್ಲೇನು? ನೀನೂ ಹತ್ತು ದಿನ ಬಾಯಿ ಮುಚ್ಚು."

ಅಲ್ಲಿಗೆ ಸುಮ್ಮನಾಗಿದ್ದರೆ ವೀರೇಶ ಜಾಣ ಎನ್ನಬಹುದಿತ್ತು. "ಮತ್ತ ಪಡಸಾಲಿ?" ಎಂದು ಕೇಳಿಬಿಟ್ಟ.

"ಪಡಸಾಲ್ಯಾಗ ಇನ್ನ ನ್ಯಾಯಾ ಕೇಳಾಕ ಯಾರ್ ಬರ್ತಾರ? ನಾಳಿಂದ ಸಪ್ನಾ ಅಂಗಡಿ ಇಡ್ತಾಳ. ಗಾದಿ ಮ್ಯಾಲೆ ನಾ ಕುಂಡ್ರತೇನಿ."

ಹೆಂಗಸರ ಕಡೆಯಿಂದ ಚಪ್ಪಾಳೆ ಎದ್ದಿತು. ಸಪ್ನಾ ನಾಚಿಕೆಯೂ ಇಲ್ಲದೆ ಅತ್ತೆಯ ಕಾಲಿಗೆ ಬಿದ್ದಳು.

ಊಟದ ಪಂಕ್ತಿಯಲ್ಲಿ ಅಪ್ಪ, ಮಗ ಇಬ್ಬರನ್ನೂ ಒಂದೇ ಕಡೆ ಕೂರಿಸಿದರು, ವೀರೇಶನ ಇನ್ನೊಂದು ಪಕ್ಕಕ್ಕೆ ಹನಮಪ್ಪ. ಹುಗ್ಗಿ ಬಡಿಸಿದರು, ತುಪ್ಪ ಹಾಕಿದರು. ವೀರೇಶ ಹುಗ್ಗಿಯಲ್ಲಿ ಬೆರಳಾಡಿಸುತ್ತಿದ್ದ. ಅಪ್ಪನ ಮರ್ಯಾದೆ ಹೋಯಿತು, ಅಂಗಡಿ ಹೋಯಿತು, ಇಷ್ಟರ ಮೇಲೆ ಅಪ್ಪ ನಾಲ್ಕು ಏಟು ಬಿಟ್ಟರೂ ತಪ್ಪಿಲ್ಲ ಎಂದು ತಲೆ ತಗ್ಗಿಸಿ ಕೂತಿದ್ದ. ಅಮೀನಪ್ಪ ಹೆಂಡತಿ ದೂರ ಇದ್ದಾಳೆಂದು ನೋಡಿಕೊಂಡು ಮಗನ ಕಡೆ ಬಾಗಿದ.

"ಲೇ, ಆ ಸಿನಿಮಾದ ಹೆಸರು ಕಡೀಗೂ ಸಿಕ್ತೇನು?"

ವೀರೇಶ ಗಾಬರಿಯಾಗಿ ನೋಡಿದ. "ನಿನಗ ಗೊತ್ತಿಲ್ಲೇನಪ್ಪಾ? ನೋಡಾಂವ ನೀನ ಇದ್ದಿ."

"ಅವತ್ತ ಹೊಸಾ ಸಿನಿಮಾ ಬಂದಿತ್ತು. ಹೋಗೂದು ತಡಾ ಆತು, ಹೆಸರು ಬಂದು ಹೋಗಿತ್ತು. ಒಬ್ಬ ಸ್ಟೇಷನ್ ಮಾಸ್ತರಲೇ. ಸಣ್ಣ ಮಗಳು ರೈಲಿನ್ಯಾಗ ತಪ್ಪಿಸಿಕೊಂಡಿರತಾಳ. ಹದಿನೈದು ವರ್ಷ ಆದಮ್ಯಾಗ ಆ ಹುಡುಗಿ ಅದ ಸ್ಟೇಷನ್ನಿನ್ಯಾಗ ಇಳದು ಅವನ್ನ ನೀರು ಕೇಳ್ತಾಳ. ಅಂವಾ ಮುಖ ಎತ್ತಿ ನೋಡ್ತಾನ. ಅಷ್ಟರಾಗ ನಿಮ್ಮವ್ವ ಬಂದಳು." ಅಮೀನಪ್ಪನ ದನಿ ಒದ್ದೆಯಾಗಿತ್ತು. "ಪಡಸಾಲ್ಯಾಗ ಕಣ್ಣು ಮುಚ್ಚಿ ಕುಂಡ್ರತಿದ್ನೆಲ್ಲಾ, ಅದನ್ನ ವಿಚಾರ ಮಾಡ್ತಿದ್ದೆ. ಮಗಳ ಗುರುತು ಹಿಡದನೋ ಇಲ್ಲೋ?"

ವೀರೇಶ ಹನಮಪ್ಪನ ಕಡೆ ತಿರುಗಿ ಕೇಳಿದ. ಹನಮಪ್ಪ ಹುಗ್ಗಿ ಚಪ್ಪರಿಸುತ್ತ ತಲೆ ಅಲ್ಲಾಡಿಸಿದ. "ನಾ ಗೇಟ್‌ಕೀಪರ್ ಅಲ್ಲೇನಪ? ತಿಕೀಟ ಇಲ್ದ ಯಾರ್ ನುಗ್ಗತಾರಂತ ಮಂದಿ ನೋಡೂದ ನನ್ನ ಕೆಲಸ. ಪರದೆ ಕಡೆ ಒಂದು ದಿನಾನೂ ಮುಖ ಮಾಡಿಲ್ಲ."

ಅಮೀನಪ್ಪ ಮಗನ ತೊಡೆ ಹಿಡಿದು ಅಲ್ಲಾಡಿಸಿದ. "ಬಸ್ಸು ಮುಂಜಾನಿ ಆರಕ್ಕೈತಿ, ಅಷ್ಟರಾಗ ಹುಡುಕು. ಮೌನ ಹಿಡದ ಮ್ಯಾಲೆ ನನಗ ಕೇಳಾಕ ಬರಂಗಿಲ್ಲ, ನಿನಗ ಹೇಳಾಕ ಬರಂಗಿಲ್ಲ."