ನಿರ್ಣಾದ ಮೂರು ಒಲೆಗುಂಡುಗಳ ಬಾಬತ್ತು

ಈಜಿಪ್ಟಿನಲ್ಲಿ ಪಿರಮಿಡ್ಡುಗಳನ್ನು ಕಟ್ಟಿಕೊಟ್ಟು, ಉದ್ಘಾಟನೆಯ ಫಲಕವನ್ನೂ ಹಾಕಿಸಿಕೊಳ್ಳದೆ ಆಕಾಶಕ್ಕೆ ಮರಳಿದರೆಂದು ಹೇಳಲಾಗುವ ಅನ್ಯಗ್ರಹದ ಮಾನ್ಯರೇ,

ಹುಮನಾಬಾದ ಕಡೆಯ ನಿರ್ಣಾ ಗ್ರಾಮದಿಂದ ವಿಶಾಖಾಳ ಜೈಭೀಮ್. ತಮ್ಮ ಲೋಕದಲ್ಲಿ ಬೇರೆ ರೂಢಿಯಿದ್ದರೆ ಅದೂ ಸಲ್ಲಲಿ. ತಾವೂ ತಮ್ಮ ಹಾರುವ ತಟ್ಟೆಗಳೂ ಕ್ಷೇಮವೆಂದು ನಂಬಿದ್ದೇನೆ.

ತಮ್ಮ ಕೀರ್ತಿ ನಮ್ಮ ಮನೆ ಹೊಕ್ಕದ್ದು ನನ್ನ ಗಂಡ ಉತ್ತಮ ಅವರ ಮೊಬೈಲಿನಿಂದ. ಅಷ್ಟು ದೊಡ್ಡ ಕಲ್ಲುಗಳನ್ನು ಮನುಷ್ಯಮಾತ್ರದವರು ಎತ್ತಲು ಸಾಧ್ಯವಿಲ್ಲವೆಂದೂ, ಮೂರು ನಕ್ಷತ್ರಗಳನ್ನು ನೋಡಿ ತಾವು ಮೂರು ಪಿರಮಿಡ್ಡುಗಳನ್ನು ಸಾಲಾಗಿ ಇಟ್ಟದ್ದರಿಂದಲೇ ಅವುಗಳಿಗೆ ಶಕ್ತಿ ಬಂದಿದೆಯೆಂದೂ ಅವರು ಊಟಕ್ಕೆ ಕೂತಾಗಲೆಲ್ಲ ನಮಗೇ ಬಡಿಸಿದರು. ಅಲ್ಲಿಗೇ ನಿಂತಿದ್ದರೆ ನನ್ನ ತಕರಾರು ಇರಲಿಲ್ಲ. ಆದರೆ ಮಗ ಸಮ್ಯಕನನ್ನು ತೊಟ್ಟಿಲಿಗೆ ಹಾಕುವ ದಿನ, ಅಂಗಳದ ದೊಡ್ಡ ಒಲೆಗೂ ಆ ಶಕ್ತಿ ಬರಲೆಂದು, ನಾಲ್ವರು ಗೆಳೆಯರನ್ನು ಕರೆದು, ಹಾರೆ ಹಾಕಿ, ಮೂರು ಗುಂಡುಗಳನ್ನೂ ಒಂದೇ ಸಾಲಿಗೆ ತಂದರು. ಗುಂಡುಗಳು ಮೂರು ಮೂಲೆಗಿದ್ದರೆ ಒಲೆ, ಸಾಲಾಗಿದ್ದರೆ ಬರೀ ಕಲ್ಲು. ಗೋಧಿ ಹುಗ್ಗಿಯ ಹಂಡೆ ಮಗುಚಿತು; ಚಿಟಗುಪ್ಪದಿಂದ ಬಂದ ನನ್ನ ತವರಿನವರು ಚುರಮುರಿ ತಿಂದು ಬಸ್ಸು ಹತ್ತಿದರು.

ಹುಗ್ಗಿ ಹೋದರೆ ಹೋಗಲಿ. ಐವರ ಬೆವರಿಳಿಸಿದ ಈ ಗುಂಡುಗಳನ್ನೂ ತಾವೇ ತಂದಿಟ್ಟಿರಬೇಕೆಂದು ನನ್ನ ಗಂಡ ಎಲ್ಲರೆದುರು ಹೇಳಿದರಲ್ಲ, ಅದೇ ನನ್ನ ತಕರಾರು. ಅವನ್ನು ಹಳ್ಳದಿಂದ ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದವರು ನನ್ನ ಅತ್ತೆ ಕಮಳಾಬಾಯಿ. ಅವರು ಸೆರಗು ಸಿಕ್ಕಿಸಿಕೊಂಡು ಮಗನನ್ನು ಕೇಳಿದ್ದು ಇಷ್ಟೇ: "ಇವನ್ನ ಹೊರೋ ಮುಂದ ನೀ ನನ್ನ ಹೊಟ್ಯಾಗಿದ್ದಿ. ಹೊತ್ತವರು ಮನಷ್ಯಾರ ಅಲ್ಲಂದ್ರ, ನೀ ಯಾರ ಮಗಾ?"

ಅಂದೇ ಅವರು ಬಸವಕಲ್ಯಾಣದ ಮಗಳ ಮನೆಗೆ ಹೋದರು. ಆ ಗುಂಡುಗಳನ್ನು ಎತ್ತಿದವರು ತಾವಲ್ಲವೆಂದು ಅನ್ಯಗ್ರಹದ ಮಾನ್ಯರಾದ ತಾವೇ ಬಂದು ಹೇಳಬೇಕಂತೆ. ಅಲ್ಲಿಯವರೆಗೆ ನಮ್ಮ ಹೊಸ್ತಿಲು ತುಳಿಯುವುದಿಲ್ಲವಂತೆ. ಇತ್ತ ಕೂಸು ಅಜ್ಜಿಯ ತೊಡೆಯಿಲ್ಲದೆ ಮಲಗುತ್ತಿಲ್ಲ.

ಆದ್ದರಿಂದ ಮಾನ್ಯರು ಬಿಡುವಾದಾಗ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ತಟ್ಟೆ ಇಳಿಸಿ, ಅತ್ತೆಯವರ ಮುಂದೆ ಆ ಒಂದು ಮಾತು ಹೇಳಿ ಹೋಗಬೇಕಾಗಿ ವಿನಂತಿ. ದಾರಿಯಲ್ಲಿ ಈಜಿಪ್ಟಿಗೂ ಹೋಗಿ, ಅಲ್ಲಿ ಕಲ್ಲು ಎಳೆದವರ ಅವ್ವಂದಿರ ಗೋರಿಯ ಮುಂದೆಯೂ ಅದನ್ನೇ ಹೇಳಿದರೆ ದೊಡ್ಡ ಉಪಕಾರ.

ಎಂದೆಂದಿಗೂ ನೆಲದ ಮೇಲೆಯೇ ಇರುವ,
ತಮ್ಮ ವಿಶ್ವಾಸಿ
ವಿಶಾಖಾ

ತಾ.ಕ.: ಕೂಸಿನ ನೆನಪು ತಡೆಯದೆ ಅತ್ತೆ ಇಂದು ತಾವಾಗಿಯೇ ಬಂದರು. ಹಾರೆಯಿಲ್ಲದೆ ಗುಂಡುಗಳನ್ನು ಹೊರಳಿಸಿ, ಮೂರು ಮೂಲೆಗಿಟ್ಟು, ಹುಗ್ಗಿಗೆ ಎಸರಿಟ್ಟರು. ಅದನ್ನು ನೋಡಿದ ನನ್ನ ಗಂಡ, ಅವ್ವನೂ ತಮ್ಮ ಲೋಕದವಳೇ ಇರಬೇಕೆಂದು ಶಂಕಿಸುತ್ತಿದ್ದಾರೆ. ತಾವು ಹೇಗೂ ಬರುವವರಿದ್ದರೆ ಇವರನ್ನೇ ಎತ್ತಿಕೊಂಡು ಹೋಗಿ; ಭಾರವೇನಿಲ್ಲ, ತಲೆ ಖಾಲಿಯೇ ಇದೆ.