ಬೀಗರ ಮನೆಯ ಎಂಟನೇ ಬಟ್ಟಲು

ಬೇಡ ಎನ್ನಲು ಬಾರದವರು ಬೀಗರ ಮನೆಗೆ ಹೋಗಬಾರದು. ನನಗೆ ಆ ಮಾತು ಹುಟ್ಟಿದಾಗಿನಿಂದ ಬಂದಿಲ್ಲ. ಒಮ್ಮೆ ಸುಬ್ರಹ್ಮಣ್ಯಪುರದಲ್ಲಿ ಒಂದೇ ದಿನ ಎರಡು ಗೃಹಪ್ರವೇಶದ ಊಟ ಮಾಡಿದ್ದೇನೆ. ಎರಡನೆಯದು ಯಾರ ಮನೆಯದೆಂದು ಇವತ್ತಿಗೂ ಗೊತ್ತಿಲ್ಲ. ಬಾಗಿಲಲ್ಲಿ ನಿಂತಿದ್ದವರು "ಬನ್ನಿ ಸಾರ್, ಎಲೆ ಹಾಕಿದೀವಿ" ಎಂದರು, ಹೋಗಿ ಕೂತೆ. ಹೋಳಿಗೆ ಚೆನ್ನಾಗಿತ್ತು. ನನ್ನ ಹೆಂಡತಿ ಸರೋಜಾ ಈ ಕಥೆಯನ್ನು ಸಿಕ್ಕಿದ ನೆಂಟರಿಗೆಲ್ಲ ಹೇಳುತ್ತಾಳೆ, ನಾನೂ ಜೊತೆಗೆ ನಗುತ್ತೇನೆ.

ಹೋದ ತಿಂಗಳು ಯಡಿಯೂರಿನ ನಾಗೇಂದ್ರಪ್ಪನವರು ನಮ್ಮಿಬ್ಬರನ್ನು ಮನೆಗೆ ಕರೆದರು. ನಮ್ಮ ಮಗಳು ಮೇಘನಾ ಮೆಚ್ಚಿಕೊಂಡಿರುವ ಹುಡುಗನ ತಂದೆ ಅವರು. ಹುಡುಗನಿಗೆ ನಾನು ಆಗಲೇ ಹೂಂ ಅಂದಿದ್ದೆ, ನನ್ನಿಂದ ಬೇರೇನೂ ನಿರೀಕ್ಷಿಸುವಂತಿರಲಿಲ್ಲ. ಸರೋಜಾ ಮಾತ್ರ, "ಹುಡುಗನ್ನ ನೋಡಿದ್ದಾಯ್ತು, ಮನೆ ನೋಡ್ಬೇಕು. ನಾಳೆ ಅವಳು ಬಾಳ್ಬೇಕಾಗಿರೋದು ಅಲ್ಲಿ" ಎಂದು ತೀರ್ಮಾನವನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದಳು. ಕತ್ರಿಗುಪ್ಪೆಯ ನಮ್ಮ ಮನೆಯಿಂದ ಹೊರಡುವಾಗ ಮೇಘನಾ ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪಾ, ಅಮ್ಮ ಏನಾದ್ರೂ ಕೊಂಕು ತೆಗೆದ್ರೆ ನೀನು ಸಂಭಾಳಿಸು, ಪ್ಲೀಸ್" ಎಂದಳು. ಇಂಥ ಕೆಲಸಕ್ಕೆ ನನ್ನನ್ನು ನಂಬಿದ ಮಗಳನ್ನು ನೆನೆದರೆ ಈಗಲೂ ಪಾಪ ಅನ್ನಿಸುತ್ತದೆ.

ಕೆಲವರು ನಿವೃತ್ತರಾದ ಮೇಲೆ ದೇವಸ್ಥಾನ ಹಿಡಿಯುತ್ತಾರೆ, ಕೆಲವರು ವಾಕಿಂಗ್ ಹಿಡಿಯುತ್ತಾರೆ. ನಾಗೇಂದ್ರಪ್ಪನವರು ಟೀ ಹಿಡಿದಿದ್ದರು. ಚೀನಾದ ಯಾವುದೋ ಬೆಟ್ಟದ ದುಬಾರಿ ಕಪ್ಪು ಟೀ, ಎಲೆಯ ತುದಿಯಲ್ಲಿ ಬಂಗಾರದ ಬಣ್ಣ. ಹಾಲಿಲ್ಲ, ಸಕ್ಕರೆ ಇಲ್ಲ. ಮುಚ್ಚಳವಿರುವ ಪಿಂಗಾಣಿ ಬಟ್ಟಲಿಗೆ ಒಂದು ಚಿಟಿಕೆ ಎಲೆ ಹಾಕಿ, ಬಿಸಿನೀರು ಹೊಯ್ದು, ಹತ್ತು ಸೆಕೆಂಡು ಎಣಿಸಿ ಬಸಿದರು. ಕುಡಿಯಲು ಕೊಟ್ಟ ಬಟ್ಟಲುಗಳೋ, ಮಕ್ಕಳು ಅಡುಗೆ ಆಟಕ್ಕೆ ಇಟ್ಟುಕೊಳ್ಳುವಷ್ಟು. "ಜೇನಿನ ವಾಸನೆ ಬರ್ತಿದ್ಯಾ ಸಾರ್?" ಎಂದು ಕೇಳಿದರು. ನನಗೆ ಬಿಸಿನೀರಿನ ವಾಸನೆ ಬರುತ್ತಿತ್ತು. "ಜೋರಾಗೇ ಬರ್ತಿದೆ" ಎಂದೆ.

ತೊಂದರೆ ಶುರುವಾಗಿದ್ದು ಎರಡನೇ ಸುತ್ತಿನಲ್ಲಿ. ಅವರು ಅದೇ ಎಲೆಗೆ ಮತ್ತೆ ನೀರು ಹೊಯ್ದರು. ಸರೋಜಾಳ ಹುಬ್ಬು ಮೇಲೇರಿತು. ಕಾಫಿ ಕುಡಿಯುವ ಮನೆಗಳಲ್ಲಿ ಇದಕ್ಕೊಂದು ಅರ್ಥವಿದೆ. ಫಿಲ್ಟರಿನಿಂದ ಮೊದಲು ಇಳಿಯುವ ಗಟ್ಟಿ ಡಿಕಾಕ್ಷನ್ ಬಂದವರಿಗೆ, ಮನೆಯ ಯಜಮಾನನಿಗೆ. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ನೀರು ಡಿಕಾಕ್ಷನ್ ಮಿಕ್ಕವರಿಗೆ. ಬಂದ ನೆಂಟರಿಗೆ ಎರಡನೇ ಡಿಕಾಕ್ಷನ್ ಕೊಟ್ಟರೆ, ನಿಮ್ಮ ಯೋಗ್ಯತೆ ಇಷ್ಟೇ ಎಂದು ಮುಖಕ್ಕೇ ಹೇಳಿದ ಹಾಗೆ.

ನಾಗೇಂದ್ರಪ್ಪನವರು ನೀರು ಕಾಯಿಸಲು ಅತ್ತ ತಿರುಗಿದಾಗ ಸರೋಜಾ ನನ್ನ ಕಿವಿಯ ಹತ್ತಿರ ಬಂದು, "ಹಿಂಡಿದ್ದನ್ನೇ ಹಿಂಡ್ತಿದಾರಲ್ರೀ. ಇವತ್ತು ನಮಗೇ ಹೀಗಾದ್ರೆ ನಾಳೆ ನನ್ನ ಮಗಳಿಗೇನು ಕೊಡ್ತಾರೆ?" ಎಂದಳು.

"ಇದನ್ನ ಹಾಗೇ ಕುಡಿಯೋದು ಕಣೇ. ಎಂಟು ಸಲ ಹಾಕ್ತಾರಂತೆ."

"ಹಾಗೇ ಕುಡಿಯೋದು ಹೇಗೆ ಅಂತ ನನಗೆ ಹೇಳ್ಕೊಡ್ಬೇಡಿ. ಇಪ್ಪತ್ತೆಂಟು ವರ್ಷದಿಂದ ಕುಡೀತಿದೀನಿ."

ಇವಳು ಯಾವಾಗ ಚೀನಾ ಟೀ ಕುಡಿದಳು ಎಂದು ನನಗೆ ಅರ್ಥವಾಗಲಿಲ್ಲ. ಸಿಟ್ಟಿನಲ್ಲಿ ಏನೋ ಅಂದಳು ಎಂದುಕೊಂಡು ಮೂರನೆಯದನ್ನು ಕುಡಿದೆ, ನಾಲ್ಕನೆಯದನ್ನೂ ಕುಡಿದೆ. ಐದನೆಯದರಲ್ಲಿ ಒಂದು ವಿಚಿತ್ರ ನಡೆಯಿತು. ನಾಗೇಂದ್ರಪ್ಪನವರು ಕಣ್ಣು ಮುಚ್ಚಿ "ಈಗ ನೋಡಿ, ಬೇಯಿಸಿದ ಗೆಣಸು" ಎಂದರು. ಮೂಸಿದೆ. ಸಂಕ್ರಾಂತಿ ದಿನ ಪಾತ್ರೆಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಅದೇ ಘಮ. "ಐದನೇದೇ ಎಲ್ಲಕ್ಕಿಂತ ಚೆನ್ನಾಗಿದೆ" ಎಂದು ಆ ಮನೆಯಲ್ಲಿ ಮೊದಲ ಬಾರಿಗೆ ನಿಜ ಹೇಳಿದೆ. ಸರೋಜಾ ನನ್ನನ್ನು ನೋಡಿದ ರೀತಿಗೆ ಅದು ಸುಳ್ಳಾಗಿದ್ದರೇ ವಾಸಿಯಿತ್ತು.

ಆರನೆಯದಕ್ಕೆ ನೀರು ಹೊಯ್ಯುವಾಗ ನಾಗೇಂದ್ರಪ್ಪನವರ ಹೆಂಡತಿ ಪ್ರಮೀಳಾ ಅಡುಗೆಮನೆಯ ಬಾಗಿಲಿಗೆ ಬಂದು, "ಸರೋಜಕ್ಕ, ಸ್ವಲ್ಪ ಒಳಗೆ ಬನ್ನಿ" ಎಂದರು. ಸರೋಜಾ ಎದ್ದುಹೋದಳು. ಅವಳು ಮನಸ್ಸಿನಲ್ಲಿದ್ದದ್ದನ್ನು ಎಲ್ಲಿ ಅಂದುಬಿಡುತ್ತಾಳೋ ಎಂದು ನನ್ನ ಜೀವ ಬಾಯಿಗೆ ಬಂತು. ಇನ್ನೊಂದು ಕಡೆ ಹೊಟ್ಟೆಯೊಳಗೆ ಸೇರಿದ್ದ ನೀರು ಬೇರೆ ಅವಸರ ಮಾಡುತ್ತಿತ್ತು. ಮೊದಲ ಸಲ ಹೋದ ಬೀಗರ ಮನೆಯಲ್ಲಿ ಬಾತ್‌ರೂಮ್ ಎಲ್ಲಿ ಎಂದು ಕೇಳುವುದು ಹೇಗೆ? ಏಳನೆಯದನ್ನೂ ಕುಡಿದೆ.

ಎಂಟನೆಯದು ಕೈಗೆ ಬರುವಾಗ ಒಳಗಿನಿಂದ ಇಬ್ಬರೂ ನಗುವುದು ಕೇಳಿಸಿತು. ಹಿಂದೆಯೇ ಕಾಫಿಯ ಘಮ ಬಂತು. ಸರೋಜಾ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಯಾರೂ ಕೇಳದಿದ್ದರೂ, "ಒಳ್ಳೇ ಮುಹೂರ್ತ ನೋಡಿಸೋಣ ಅಲ್ವಾ?" ಎಂದಳು. ಹೋದ ಜೀವ ಬಂದ ಹಾಗಾಯಿತು. ಆ ಧೈರ್ಯದಲ್ಲೇ ಬಾತ್‌ರೂಮ್ ಎಲ್ಲಿ ಎಂದು ಕೇಳಿದೆ. ಅಷ್ಟು ನೆಮ್ಮದಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆಟೋದಲ್ಲಿ ಸರೋಜಾ ಹೇಳಿದಳು: "ಆ ಮನೇಲಿ ಎರಡನೇ ಡಿಕಾಕ್ಷನ್ ಇಳಿಸೋದೇ ಇಲ್ವಂತೆ. ಬೆಳಿಗ್ಗೆ ನಾಗೇಂದ್ರಪ್ಪನವರೇ ಎದ್ದು ಪ್ರಮೀಳಾಗೆ ಫಸ್ಟ್ ಡಿಕಾಕ್ಷನ್ ಕಾಫಿ ಕೊಟ್ಟು, ಆಮೇಲೆ ತಮ್ಮ ಟೀ ಹಿಡ್ಕೊಂಡು ಕೂರ್ತಾರಂತೆ. ನನಗೂ ಫಸ್ಟ್ ಡಿಕಾಕ್ಷನ್‌ದೇ ಕೊಟ್ರು. ಮೇಘನಾ ಅಲ್ಲಿ ಚೆನ್ನಾಗಿರ್ತಾಳೆ ಬಿಡಿ."

"ನಾನು ಹೇಳ್ಲಿಲ್ವಾ?" ಎಂದೆ. ಸ್ವಲ್ಪ ದೂರ ಹೋದ ಮೇಲೆ ಆ ಇಪ್ಪತ್ತೆಂಟು ವರ್ಷದ ಮಾತು ನೆನಪಾಯಿತು. ನಮ್ಮ ಮದುವೆಯಾಗಿಯೂ ಅಷ್ಟೇ ವರ್ಷ. "ಅಲ್ಲ ಕಣೇ, ನಮ್ಮನೇಲಿ ಎರಡನೇದನ್ನ ಯಾರು ಕುಡಿಯೋದು?" ಎಂದು ಕೇಳಿದೆ.

"ಕತ್ರಿಗುಪ್ಪೆ ಬಂತು, ಇಳೀರಿ" ಎಂದಳು. ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ನಾನೇ ಮೊದಲು ಎದ್ದೆ. ಕಾಫಿಪುಡಿಯ ಡಬ್ಬಿ ಹುಡುಕಿ, ಡಿಕಾಕ್ಷನ್ ಇಳಿಸಿ, ಮೊದಲನೆಯದನ್ನು ಅವಳಿಗೆ ಕೊಟ್ಟೆ. ಅದೇ ಪುಡಿಗೆ ಮತ್ತೆ ನೀರು ಹಾಕಿ ನನಗೆ ಮಾಡಿಕೊಂಡೆ. ಪಾತ್ರೆ ತೊಳೆದ ನೀರಿನಂತಿತ್ತು.

"ಹೇಗಿದೆ?" ಎಂದಳು ಸರೋಜಾ, ತನ್ನ ಲೋಟದಿಂದ ಮುಖ ಎತ್ತದೆ.

"ಗೆಣಸಿನ ಘಮ ಬರ್ತಿದೆ" ಎಂದೆ.

"ಹೌದಾ? ಹಾಗಾದ್ರೆ ಇನ್ಮೇಲೆ ನಿಮಗೆ ದಿನಾ ಅದೇ ಇರ್ಲಿ."

ಬೇಡ ಎನ್ನಲು ಬಾಯಿ ತೆರೆದೆ. ಬರಲಿಲ್ಲ.