ಎರಡು ಮೀನು, ಒಂದು ವೋಡ್ಕಾ ಬಾಟಲಿ

ಸಮುದ್ರವಿಲ್ಲದ ಊರಿನವರು ಸಮುದ್ರವನ್ನು ಪ್ರೀತಿಸುವಷ್ಟು ಕಡಲ ದಂಡೆಯವರು ಪ್ರೀತಿಸಲಾರರು ಎಂಬುದು ನನ್ನ ನಂಬಿಕೆ. ಹಿರೇಕೆರೂರಿನ ಶಾಲೆಯೊಂದರಲ್ಲಿ ಗುಮಾಸ್ತನಾಗಿರುವ ನಾನು ಒಮ್ಮೆ ಕಾರವಾರದ ದಂಡೆಯಲ್ಲಿ ಅರ್ಧ ದಿನ ನಿಂತು ಬಂದೆ, ಅಷ್ಟೇ. ಆಮೇಲೆ ಸಮುದ್ರದ ಒಂದು ತುಂಡನ್ನಾದರೂ ಮನೆಯಲ್ಲಿ ಇಟ್ಟುಕೊಳ್ಳದೆ ಇರಲಾಗಲಿಲ್ಲ. ಪಡಸಾಲೆಯಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಕಿತ್ತಳೆ ಮೈಮೇಲೆ ಬಿಳಿ ಪಟ್ಟೆಯ ಎರಡು ಮೀನು, ಮೆತ್ತನೆಯ ಒಂದು ಹವಳ. ಮಧ್ಯಾಹ್ನ ಗೋವಿನಜೋಳದ ಲಾರಿಗಳ ಧೂಳು ಕಿಟಕಿಯವರೆಗೆ ಬಂದು ನಿಲ್ಲುತ್ತದೆ. ಒಳಗೆ ಹವಳ ಬೆರಳುಗಳನ್ನು ಮೆಲ್ಲಗೆ ಆಡಿಸುತ್ತಿರುತ್ತದೆ. ನೋಡುತ್ತ ಕುಳಿತರೆ ಊಟವಾಯಿತೇ ಇಲ್ಲವೇ ಎಂಬುದೂ ನನಗೆ ಮರೆತುಹೋಗುತ್ತದೆ. ಮೀನಿಗೆ ಊಟ ಹಾಕಿದ್ದೂ ಮರೆತು ಮತ್ತೊಮ್ಮೆ ಹಾಕುತ್ತೇನೆ.

ತೊಂದರೆ ಹುಟ್ಟಿದ್ದೇ ಅಲ್ಲಿಂದ. ಒಂದು ದಿನ ಹವಳ ಬೆರಳು ಮುಚ್ಚಿಕೊಂಡಿತು. ತೊಟ್ಟಿಯ ನೀರನ್ನು ಚಿಕ್ಕ ಸೀಸೆಗೆ ತೆಗೆದು ಪರೀಕ್ಷೆಯ ಹನಿ ಹಾಕಿದರೆ ಹಳದಿಯಾಗಿ ಉಳಿಯಬೇಕಾದ ನೀರು ಕುಂಕುಮದಂತೆ ಕೆಂಪಾಯಿತು. ಕೊಳೆತ ಊಟದಿಂದ ನೀರಿನಲ್ಲಿ ನೈಟ್ರೇಟ್ ಎಂಬ ಕೊಳೆ ಏರಿತ್ತು. ಹುಬ್ಬಳ್ಳಿಯ ಮೀನಿನ ಅಂಗಡಿಯವರಿಗೆ ಫೋನ್ ಮಾಡಿದೆ.

"ದಿನಾ ಒಂದೀಟು ವೋಡ್ಕಾ ಹಾಕ್ರಿ," ಎಂದರು. "ಮೀನಿಗಲ್ರಿ, ನೀರಾಗಿನ ಬ್ಯಾಕ್ಟೀರಿಯಾಕ್ಕ. ಅದನ್ನ ತಿಂದು ಬೆಳಿಯೂ ಮುಂದ ಅವು ನೈಟ್ರೇಟ್ ಎಳ್ಕೊಂತಾವು. ನೊರಿ ತಗಿಯೂ ಮಿಷಿನ್ ಅವನ್ನ ಹೊರಗ ಹಾಕ್ತೈತಿ. ಹನಿ ಲೆಕ್ಕದಾಗ ಹಾಕ್ರಿ, ಅವಸರ ಬ್ಯಾಡ."

ನಮ್ಮದು ಬೌದ್ಧ ಮನೆ. ಅವ್ವ ದಿನಾ ಬೆಳಿಗ್ಗೆ ಪಂಚಶೀಲ ಹೇಳುತ್ತಾಳೆ; ಅದರಲ್ಲಿ ಐದನೆಯದು ಅಮಲಿನ ಪದಾರ್ಥ ಮುಟ್ಟಬಾರದೆಂಬುದು. ಊರಿನ ಅಂಗಡಿಯಲ್ಲಿ ಕೊಂಡರೆ ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪುತ್ತದೆ. ಹೀಗಾಗಿ ಸವಣೂರಿಗೆ ಕೆಲಸದ ಮೇಲೆ ಹೋದಾಗ ಬಾಟಲಿ ಕೊಂಡು, ಚೀಲದಲ್ಲಿ ಅದರ ಮೇಲೆ ಅಲ್ಲಿನ ಕುರುಕಲು ತಿಂಡಿ ಸವಣೂರು ಖಾರದ ಪೊಟ್ಟಣವಿಟ್ಟು ಬಸ್ಸು ಹತ್ತಿದೆ. ಅವ್ವನಿಗೆ ಆ ಖಾರವೆಂದರೆ ಪ್ರಾಣ. ಚೀಲಕ್ಕೆ ಮೊದಲು ಕೈ ಹಾಕಿದವಳೇ ಅವಳು.

"ಏನಿದು?"

"ಮೀನಿಗೆ, ಅವ್ವಾ."

"ಹೌದಾ? ಮೀನಿಗೆ ನಂಜಿಕೊಳ್ಳಾಕ ಖಾರಾನೂ ತಂದೀಯಲ್ಲ!"

ಅವಳನ್ನು ತೊಟ್ಟಿಯ ಮುಂದೆ ಕರೆದೊಯ್ದು, ಮುದುಡಿದ ಹವಳವನ್ನು ತೋರಿಸಿ, ಎಲ್ಲವನ್ನೂ ಹೇಳಿದೆ. ಅವ್ವ ಗಾಜಿಗೆ ಮುಖ ಹಚ್ಚಿ ಹವಳವನ್ನು ನೋಡಿದಳು.

"ಬಿಟ್ರ ಸಾಯ್ತೈತೇನು ಇದು?"

"ಸಾಯಬಹುದು."

"ಜೀವಾ ತಗೀಬಾರದು ಅನ್ನೂದು ಮೊದಲನೇ ಶೀಲ. ಕುಡೀಬಾರದು ಅನ್ನೂದು ಐದನೇದ್ದು. ಮೊದಲಿಂದು ಮೊದಲ. ಹಾಕು."

ಹಾಕಿದೆ. ಎರಡು ವಾರಕ್ಕೆ ಪರೀಕ್ಷೆಯ ಸೀಸೆಯಲ್ಲಿ ಕುಂಕುಮದ ಕೆಂಪು ಗುಲಾಬಿಗೆ ಇಳಿಯಿತು. ಅದನ್ನು ಕಂಡದ್ದೇ ನನ್ನ ತಲೆಗೇನೋ ಏರಿತು. ಹನಿಗೇ ಇಷ್ಟಾದರೆ ಮುಚ್ಚಳಕ್ಕೆ ಎಷ್ಟಾದೀತು? ಒಂದು ಮುಚ್ಚಳ ತುಂಬ ಸುರಿದೇಬಿಟ್ಟೆ.

ಮರುದಿನ ಮಧ್ಯಾಹ್ನ ತೊಟ್ಟಿ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ಮಿತಿಮೀರಿ ಹೆಚ್ಚಿದ ಬ್ಯಾಕ್ಟೀರಿಯಾ ನೀರಿನ ಉಸಿರನ್ನೇ ನುಂಗುತ್ತಿದ್ದವು. ಮೀನೆರಡೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅದೇ ಹೊತ್ತಿಗೆ ಕರೆಂಟೂ ಹೋಗಿ ಮಿಷಿನ್ನು ನಿಂತಿತು. ಮತ್ತೆ ಹುಬ್ಬಳ್ಳಿಗೆ ಫೋನ್ ಮಾಡಿದೆ. "ನೀರು ಎತ್ತಿ ಎತ್ತಿ ಹೊಯ್ರಿ, ಗಾಳಿ ಕೂಡಲಿ," ಎಂದರು ಅಂಗಡಿಯವರು ಫೋನಿನಲ್ಲಿ.

ಅವ್ವ ಎರಡು ಚೊಂಬು ತಂದಳು. ತೊಟ್ಟಿಯ ಆಚೆ ಅವಳು, ಈಚೆ ನಾನು, ಎತ್ತುವುದು, ಹೊಯ್ಯುವುದು. ಅವ್ವನ ತುಟಿಯಲ್ಲಿ ಪಂಚಶೀಲ ನಡೆದಿತ್ತು. ನೀರು ನೀರಿಗೆ ಬೀಳುವ ಆ ಒಂದೇ ಸದ್ದು ಕೇಳುತ್ತ ಕೇಳುತ್ತ ಗೋಡೆಗಳು ದೂರ ಸರಿದವು. ಕಾರವಾರದ ಅಲೆಗಳು ಬಂದು ನನ್ನ ಪಾದದ ಕೆಳಗಿನ ಮರಳನ್ನು ಎಳೆದೊಯ್ಯುತ್ತಿದ್ದವು...

"ಕೈ ನಿಂತೈತಿ ನೋಡು!" ಎಂದು ಅವ್ವ ಗದರಿದಳು.

ಸಂಜೆ ಕರೆಂಟು ಬಂದಾಗ ನಮ್ಮಿಬ್ಬರ ತೋಳೂ ಮೇಲೇಳುತ್ತಿರಲಿಲ್ಲ. ಮೀನುಗಳು ಒಂದರ ಹಿಂದೊಂದು ತಳಕ್ಕಿಳಿದವು. ಅವ್ವ ಚೊಂಬು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಉಪ್ಪುನೀರು ಸಿಡಿದದ್ದೆಂದೇ ಹೇಳಿಕೊಂಡು ಒರೆಸಿಕೊಂಡೆ.

ನೀರು ತಿಳಿಯಾಗುವವರೆಗೆ ಏನೂ ಹಾಕಲಿಲ್ಲ. ಆಮೇಲೆ ಬಾಟಲಿ ಅವ್ವನ ಟ್ರಂಕು ಸೇರಿತು. ಈಗ ದಿನಾ ಪ್ರಾರ್ಥನೆ ಮುಗಿಸಿ, ಬೀಗ ತೆಗೆದು, ಹನಿಗಳನ್ನು ಎಣಿಸಿ ಹಾಕುವವಳು ಅವಳೇ. ಹವಳ ಮತ್ತೆ ಬೆರಳು ಬಿಚ್ಚಿದೆ.

ಮೊನ್ನೆ ಪಕ್ಕದ ಮನೆಯ ಗಂಗಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು, ಅವ್ವ ಬಾಟಲಿಯನ್ನು ಟ್ರಂಕಿಗಿಡುವುದನ್ನು ಕಂಡುಬಿಟ್ಟಳು. "ಯಾಕ ಯಕ್ಕಾ, ನಿನ್ನ ಮಗ ಕುಡಿಯಾಕತ್ತಾನೇನ?" ಎಂದು ಪಿಸುಗುಟ್ಟಿದಳು.

"ಇಲ್ಲವಾ, ಒಂದು ಹನಿನೂ ಮುಟ್ಟಂಗಿಲ್ಲ," ಎಂದಳು ಅವ್ವ, ಬೀಗ ಹಾಕಿ ಎಳೆದು ನೋಡುತ್ತ. "ಆದ್ರ ಬಾಟ್ಲಿ ಕೈಗೆ ಕೊಡೂವಂಥಾ ಮನಷ್ಯಾ ಅಲ್ಲ ಅಂವ."